ಡಬ್ಬಿ ಮಾಡುವವರು ಹೈದರಾಬಾದ್‌ನಲ್ಲಿದ್ದಾರೆ; ಖಾಲಿ ಡಬ್ಬಿ ವಾಪಸ್ ಪಡೆಯುವವರು ಯಾರು?

ಹೈದರಾಬಾದ್: ಈ ನಗರದ ಹೆಸರು ಕೇಳಿದರೆ ಮೊದಲು ನೆನಪಾಗುವುದು ಬಿರಿಯಾನಿ, ಚಾರ್‌ಮಿನಾರ್, ಐಟಿ ಕಂಪನಿಗಳು, ಔಷಧ ಕಾರ್ಖಾನೆಗಳು. ಆದರೆ ನಿಮ್ಮ ಮನೆಯಲ್ಲಿರುವ ಪೇಂಟ್ ಬಕೆಟ್, ಎಂಜಿನ್ ಆಯಿಲ್ ಡಬ್ಬಿ, ಇಂಜೆಕ್ಷನ್ ಬಾಟಲಿ, ಗಾಜಿನ ಸೀಸೆ, ಸಾಬೂನಿನ ರಟ್ಟಿನ ಪೆಟ್ಟಿಗೆ ಇವುಗಳಲ್ಲಿ ಒಂದಾದರೂ ಹೈದರಾಬಾದ್ ಮೂಲದ ಕಂಪನಿಯಿಂದ ಬಂದಿರುವ ಸಾಧ್ಯತೆ ಇದೆ. ದೇಶದ ಪ್ಯಾಕೇಜಿಂಗ್ ಉದ್ಯಮದ ಕೆಲವು ದೊಡ್ಡ ಹೆಸರುಗಳು ಇಲ್ಲಿಂದಲೇ ವಹಿವಾಟು ನಡೆಸುತ್ತಿವೆ.

ಬೀದರ್‌ನಿಂದ ಜಹೀರಾಬಾದ್ ಮಾರ್ಗವಾಗಿ ಹೈದರಾಬಾದ್‌ಗೆ ಬಸ್ಸಿನಲ್ಲಿ ಹೋಗುವವರಿಗೆ ಪಟಾನ್‌ಚೆರು ಕೈಗಾರಿಕಾ ಪ್ರದೇಶ ಹೊಸದಲ್ಲ. ಆ ಸುತ್ತಮುತ್ತ ಔಷಧ, ರಾಸಾಯನಿಕ ಕಾರ್ಖಾನೆಗಳು ಬಂದ ಹಾಗೆ ಅವುಗಳ ಸರಕು ತುಂಬುವ ಡಬ್ಬಿ, ಸೀಸೆ, ಪೆಟ್ಟಿಗೆಗಳ ಉದ್ಯಮವೂ ಬೆಳೆಯಿತು. ಇಷ್ಟು ವರ್ಷ ಈ ಕಂಪನಿಗಳು ಗ್ರಾಹಕರ ಕಣ್ಣಿಗೆ ಬಿದ್ದಿದ್ದೇ ಕಡಿಮೆ. ಡಬ್ಬಿಯ ಮೇಲೆ ಇರುವುದು ಒಳಗಿನ ಸರಕಿನ ಹೆಸರೇ ಹೊರತು ಡಬ್ಬಿ ಮಾಡಿದವರ ಹೆಸರಲ್ಲ.

ಈಗ ಪರಿಸ್ಥಿತಿ ಬದಲಾಗುತ್ತಿದೆ. ಗಟ್ಟಿ ಪ್ಲಾಸ್ಟಿಕ್ ಪ್ಯಾಕೇಜಿಂಗ್‌ನಲ್ಲಿ ಇಂತಿಷ್ಟು ಪಾಲು ಹಳೆಯ ಪ್ಲಾಸ್ಟಿಕ್‌ನಿಂದಲೇ ಬರಬೇಕು ಎಂದು ಕೇಂದ್ರದ ನಿಯಮ ಹೇಳುತ್ತದೆ. ಹೀಗಾಗಿ ಯಾರು ಹೆಚ್ಚು ಡಬ್ಬಿ ಮಾಡುತ್ತಾರೆ ಎಂಬುದಕ್ಕಿಂತ ಖಾಲಿಯಾದ ಡಬ್ಬಿಯನ್ನು ಯಾರು, ಯಾವ ದಾರಿಯಲ್ಲಿ ವಾಪಸ್ ತರುತ್ತಾರೆ ಎಂಬುದೇ ಮುಂದಿನ ಕೆಲವು ವರ್ಷಗಳ ದೊಡ್ಡ ಪ್ರಶ್ನೆ.

ಯಾರು ಈ ದೊಡ್ಡ ಆಟಗಾರರು?

ಮೊದಲನೆಯದು ಮೋಲ್ಡ್‌ಟೆಕ್ ಪ್ಯಾಕೇಜಿಂಗ್. ಪೇಂಟ್, ಲೂಬ್ರಿಕೆಂಟ್ ಹಾಗೂ ಆಹಾರ ಕಂಪನಿಗಳಿಗೆ ಗಟ್ಟಿ ಪ್ಲಾಸ್ಟಿಕ್ ಬಕೆಟ್, ಡಬ್ಬಿ ಪೂರೈಸುವ ಈ ಹೈದರಾಬಾದ್ ಕಂಪನಿ, ಡಬ್ಬಿ ಅಚ್ಚಿನಲ್ಲಿ ರೂಪುಗೊಳ್ಳುವಾಗಲೇ ಲೇಬಲ್ ಕೂಡ ಅದರೊಂದಿಗೆ ಬೆಸೆದುಕೊಳ್ಳುವ ತಂತ್ರಜ್ಞಾನವನ್ನು ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ತಂದ ಕಂಪನಿಗಳಲ್ಲಿ ಒಂದು. ಕರ್ನಾಟಕಕ್ಕೂ ಇದರ ನಂಟಿದೆ. ಏಷ್ಯನ್ ಪೇಂಟ್ಸ್ 2018ರಲ್ಲಿ ಮೈಸೂರು ಬಳಿ ಕಾರ್ಖಾನೆ ಆರಂಭಿಸಿದಾಗ, ಅದಕ್ಕೆ ಬಕೆಟ್ ಪೂರೈಸಲು ಮೋಲ್ಡ್‌ಟೆಕ್ ಕೂಡ ಮೈಸೂರಿನಲ್ಲಿ ಘಟಕ ತೆರೆಯಿತು. ಖಾಲಿ ಬಕೆಟ್ ಸಾಗಿಸುವುದೆಂದರೆ ಲಾರಿಯಲ್ಲಿ ಗಾಳಿ ತುಂಬಿಕೊಂಡು ಹೋದಂತೆ; ಆದ್ದರಿಂದ ಈ ಉದ್ಯಮದಲ್ಲಿ ಗ್ರಾಹಕ ಕಂಪನಿ ಎಲ್ಲಿರುತ್ತದೋ ಅಲ್ಲೇ ಪಕ್ಕದಲ್ಲಿ ಘಟಕ ಇರಬೇಕಾಗುತ್ತದೆ.

ಎರಡನೆಯದು ಗಾಜಿನ ಬಾಟಲಿಗೆ ಹೆಸರಾದ ಎಜಿಐ ಗ್ರೀನ್‌ಪ್ಯಾಕ್. ಹೈದರಾಬಾದ್‌ನ ಸನತ್‌ನಗರದಲ್ಲಿ 1972ರಲ್ಲಿ ಶುರುವಾದ ಗಾಜಿನ ಕಾರ್ಖಾನೆ ಇದರ ಮೂಲ. ಭೋನಗಿರಿಯಲ್ಲೂ ಇದರ ಘಟಕವಿದೆ. ಸ್ಯಾನಿಟರಿವೇರ್‌ಗೆ ಹೆಸರಾಗಿದ್ದ ಎಚ್‌ಎಸ್‌ಐಎಲ್ ಕಂಪನಿಯೇ 2022ರಲ್ಲಿ ಹೆಸರು ಬದಲಿಸಿಕೊಂಡು ಎಜಿಐ ಗ್ರೀನ್‌ಪ್ಯಾಕ್ ಆಯಿತು.

ಮೂರನೆಯದು ಐಟಿಸಿ ಕಂಪನಿಯ ಪೇಪರ್‌ಬೋರ್ಡ್ ವಿಭಾಗ. ಐಟಿಸಿ ಎಂದರೆ ಕೋಲ್ಕತ್ತಾ ಎಂಬ ಭಾವನೆ ಇದ್ದರೂ, ರಟ್ಟು ಮತ್ತು ಕಾಗದ ವಿಭಾಗದ ಕೇಂದ್ರ ಕಚೇರಿ ಇರುವುದು ಸಿಕಂದರಾಬಾದ್‌ನಲ್ಲಿ. ಭದ್ರಾಚಲಂ ಬಳಿಯ ಸಾರಪಾಕದಲ್ಲಿ ಇದರ ಬೃಹತ್ ಕಾರ್ಖಾನೆಯಿದ್ದರೆ, ಹೈದರಾಬಾದ್ ಹೊರವಲಯದ ಬೊಲ್ಲಾರಂನಲ್ಲಿ ಇನ್ನೊಂದಿದೆ. 2025ರ ಮಾರ್ಚ್‌ನಲ್ಲಿ ಸೆಂಚುರಿ ಪಲ್ಪ್ ಅಂಡ್ ಪೇಪರ್ ಘಟಕವನ್ನು 3,500 ಕೋಟಿ ರೂಪಾಯಿಗೆ ಖರೀದಿಸುವುದಾಗಿ ಐಟಿಸಿ ಘೋಷಿಸಿತು.

ಇವುಗಳ ಜೊತೆಗೆ ಔಷಧಗಳಿಗೆ ಗಾಜಿನ ಸೀಸೆ ತಯಾರಿಸುವ ಫ್ರಾನ್ಸ್ ಮೂಲದ ಎಸ್‌ಜಿಡಿ ಫಾರ್ಮಾ ಮಹಬೂಬ್‌ನಗರ ಭಾಗದ ವೇಮುಲದಲ್ಲಿ ಕಾರ್ಖಾನೆ ಹೊಂದಿದೆ. ಹಳೆಯ ಪ್ಲಾಸ್ಟಿಕ್ ಅನ್ನು ಶುಚಿಗೊಳಿಸಿ ಮತ್ತೆ ಕಾರ್ಖಾನೆಗೆ ಕೊಡುವ ಬನ್ಯಾನ್ ನೇಷನ್ ಕೂಡ ಹೈದರಾಬಾದ್‌ನದ್ದೇ ಕಂಪನಿ. ಡಬ್ಬಿ ಮಾಡುವವರೂ ಹಳೆಯ ಡಬ್ಬಿಯಿಂದ ಕಚ್ಚಾ ವಸ್ತು ತೆಗೆಯುವವರೂ ಒಂದೇ ಊರಿನಲ್ಲಿರುವುದು ಹೈದರಾಬಾದ್‌ನ ವಿಶೇಷ.

ಗಾಜಿನ ಉದ್ಯಮಕ್ಕೆ ಸುಪ್ರೀಂ ಕೋರ್ಟ್ ಪಾಠ

ಪ್ಯಾಕೇಜಿಂಗ್ ಸಣ್ಣ ವಿಷಯವಲ್ಲ ಎಂಬುದಕ್ಕೆ ಎಜಿಐ ಗ್ರೀನ್‌ಪ್ಯಾಕ್ ಪ್ರಕರಣವೇ ಸಾಕ್ಷಿ. ಸಾಲದ ಸುಳಿಗೆ ಸಿಲುಕಿ 2021ರಲ್ಲಿ ದಿವಾಳಿ ಪ್ರಕ್ರಿಯೆಗೆ ಬಂದ ಹಿಂದೂಸ್ತಾನ್ ನ್ಯಾಷನಲ್ ಗ್ಲಾಸ್ ಕಂಪನಿಯನ್ನು ಕೊಳ್ಳಲು ಎಜಿಐ ಮುಂದಾಯಿತು. ಸಾಲ ಕೊಟ್ಟವರ ಸಮಿತಿ 2022ರಲ್ಲಿ ಇದಕ್ಕೆ ಒಪ್ಪಿಗೆ ನೀಡಿತು. ಎರಡೂ ಕಂಪನಿ ಒಂದಾದರೆ ಪೈಪೋಟಿಗೆ ಪೆಟ್ಟು ಬೀಳುವ ಆತಂಕವಿದ್ದ ಕಾರಣ, ಋಷಿಕೇಶದ ಘಟಕವನ್ನು ಮಾರಬೇಕೆಂಬ ಷರತ್ತಿನ ಮೇಲೆ ಸ್ಪರ್ಧಾ ಆಯೋಗ 2023ರಲ್ಲಿ ಅನುಮತಿ ಕೊಟ್ಟಿತು.

ಆದರೆ 2025ರ ಜನವರಿ 29ರಂದು ಸುಪ್ರೀಂ ಕೋರ್ಟ್ 2-1 ಬಹುಮತದ ತೀರ್ಪಿನಲ್ಲಿ ಈ ಯೋಜನೆಯನ್ನು ರದ್ದುಪಡಿಸಿತು. ಸಾಲಗಾರರ ಸಮಿತಿ ಮತ ಹಾಕುವ ಮೊದಲೇ ಸ್ಪರ್ಧಾ ಆಯೋಗದ ಅನುಮತಿ ಇರಬೇಕಿತ್ತು, ಇಲ್ಲಿ ಅದು ಆಮೇಲೆ ಬಂದಿದೆ ಎಂಬುದು ಕಾರಣ. ಗಾಜಿನ ಕುಲುಮೆಯನ್ನು ಬೇಕೆಂದಾಗ ಹಚ್ಚಿ, ಬೇಡವೆಂದಾಗ ಆರಿಸಲಾಗದು. ಹೊಸದಾಗಿ ಕಟ್ಟಲು ನೂರಾರು ಕೋಟಿ ಬೇಕು. ಹಾಗಾಗಿ ಇಲ್ಲಿ ಹೊಸಬರು ಬರುವುದು ಕಷ್ಟ, ಇರುವವರು ಒಂದಾಗುವುದು ಸುಲಭ. ಅದರ ಬಿಸಿ ಕೊನೆಗೆ ತಟ್ಟುವುದು ಸಣ್ಣ ಉಪ್ಪಿನಕಾಯಿ, ಜ್ಯೂಸ್, ಔಷಧ ತಯಾರಕರಿಗೆ. ಕೆಲವೇ ಕೈಗಳಲ್ಲಿ ಇರುವ ಉದ್ಯಮಕ್ಕೆ ನಿಯಮ ಮುಖ್ಯ ಎಂಬುದೇ ಈ ತೀರ್ಪಿನ ಒಳಗುಟ್ಟು. ಪ್ಲಾಸ್ಟಿಕ್ ವಿಷಯದಲ್ಲೂ ಈ ಮಾತು ನಿಜ.

ಒಂದು ಕಿಲೋ ಬಕೆಟ್‌ನಲ್ಲಿ 300 ಗ್ರಾಂ ಹಳೆಯದು

ಕೇಂದ್ರ ಪರಿಸರ ಸಚಿವಾಲಯ 2022ರ ಫೆಬ್ರವರಿ 16ರಂದು ಪ್ಲಾಸ್ಟಿಕ್ ಪ್ಯಾಕೇಜಿಂಗ್‌ಗೆ 'ವಿಸ್ತೃತ ಉತ್ಪಾದಕರ ಹೊಣೆಗಾರಿಕೆ', ಅಂದರೆ ಇಪಿಆರ್ ಮಾರ್ಗಸೂಚಿ ಹೊರಡಿಸಿತು. ಸರಳವಾಗಿ ಹೇಳುವುದಾದರೆ, ಮಾರುಕಟ್ಟೆಗೆ ಪ್ಲಾಸ್ಟಿಕ್ ಬಿಟ್ಟವರೇ ಅದರ ಕೊನೆಯ ಗತಿಗೂ ಹೊಣೆ. ಉತ್ಪಾದಕರು, ಆಮದುದಾರರು ಮತ್ತು ಬ್ರ್ಯಾಂಡ್ ಮಾಲೀಕರ ಮೇಲೆ ಈ ಹೊಣೆ ಇದೆ.

ಈ ಮಾರ್ಗಸೂಚಿಯ ಪ್ರಕಾರ ಗಟ್ಟಿ ಪ್ಲಾಸ್ಟಿಕ್ ಪ್ಯಾಕೇಜಿಂಗ್‌ನಲ್ಲಿ 2025-26ರಲ್ಲಿ ಶೇ 30ರಷ್ಟು ಮರುಸಂಸ್ಕರಿತ ಪ್ಲಾಸ್ಟಿಕ್ ಇರಬೇಕು. ಮುಂದೆ ಪ್ರತಿ ವರ್ಷ ಇದು ಶೇ 10ರಂತೆ ಏರಿ 2028-29ಕ್ಕೆ ಶೇ 60 ತಲುಪಬೇಕು. ಒಂದು ಬಕೆಟ್ ಒಂದು ಕಿಲೋ ತೂಗುತ್ತದೆ ಎಂದಿಟ್ಟುಕೊಂಡರೆ, ಅದರಲ್ಲಿ 300 ಗ್ರಾಂ ಹಳೆಯ ಪ್ಲಾಸ್ಟಿಕ್ ಇರಬೇಕು. ಮೂರೇ ವರ್ಷದಲ್ಲಿ ಅದು 600 ಗ್ರಾಂ ಆಗಬೇಕು. ತೆಳು ಹಾಳೆಯ ಪ್ಯಾಕೆಟ್‌ಗಳಿಗೆ ಶೇ 10, ಚಿಪ್ಸ್ ಪೊಟ್ಟಣದಂಥ ಬಹುಪದರದ ಪ್ಯಾಕೆಟ್‌ಗಳಿಗೆ ಶೇ 5ರಿಂದ ಗುರಿ ಶುರುವಾಗುತ್ತದೆ. ಹೊರೆ ಹೆಚ್ಚು ಬಿದ್ದಿರುವುದು ಗಟ್ಟಿ ಡಬ್ಬಿಯ ಮೇಲೆ.

ಆಹಾರ ಮತ್ತು ಔಷಧದ ಡಬ್ಬಿಗಳಿಗೆ ಸುರಕ್ಷತಾ ನಿಯಮಗಳ ಅಡ್ಡಿಯಿದೆ. ಇತರ ಕಾನೂನು ಅವಕಾಶ ಕೊಡದಿದ್ದಲ್ಲಿ ವಿನಾಯಿತಿ ಕೇಳಬಹುದು. ಪೇಂಟ್ ಬಕೆಟ್, ಎಂಜಿನ್ ಆಯಿಲ್ ಡಬ್ಬಿಗೆ ಇಂಥ ನೆಪವಿಲ್ಲ. ಒಳಗಿರುವುದನ್ನು ಯಾರೂ ತಿನ್ನುವುದಿಲ್ಲ, ಕುಡಿಯುವುದಿಲ್ಲ. ಡಬ್ಬಿ ಮತ್ತು ಲೇಬಲ್ ಒಂದೇ ಜಾತಿಯ ಪ್ಲಾಸ್ಟಿಕ್ ಆಗಿರುವುದರಿಂದ ಎರಡನ್ನೂ ಒಟ್ಟಿಗೆ ಕರಗಿಸಲೂಬಹುದು. ಹಾಗಾದರೆ ಈ ಗುರಿ ಮೊದಲು ಮುಟ್ಟಬೇಕಾದ ಜಾಗ ಇದೇ ಅಲ್ಲವೇ?

ಬಕೆಟ್ ಗುಜರಿಗೆ ಬರುವುದೇ ಇಲ್ಲ

ತೊಡಕು ಇರುವುದು ಇಲ್ಲೇ. ನಮ್ಮಲ್ಲಿ ಖಾಲಿ ಪೇಂಟ್ ಬಕೆಟ್ ಅನ್ನು ಯಾರೂ ಎಸೆಯುವುದಿಲ್ಲ. ಪೇಂಟರ್ ಒಂದನ್ನು ಒಯ್ಯುತ್ತಾನೆ, ಮನೆಯವರು ಒಂದನ್ನು ಇಟ್ಟುಕೊಳ್ಳುತ್ತಾರೆ. ಬಚ್ಚಲಿಗೆ, ಹೂವಿನ ಗಿಡಕ್ಕೆ, ಗಾರೆ ಕೆಲಸಕ್ಕೆ ಅದು ವರ್ಷಗಟ್ಟಲೆ ದುಡಿಯುತ್ತದೆ. ಮರುಬಳಕೆ ಎಂಬ ಅರ್ಥದಲ್ಲಿ ಇದು ಒಳ್ಳೆಯದೇ. ಆದರೆ ಈ ವರ್ಷ ಮಾರಿದ ಬಕೆಟ್ ಗುಜರಿ ಅಂಗಡಿಗೆ ಬರುವಷ್ಟರಲ್ಲಿ ಬಿಸಿಲಿಗೆ ಸೀಳಿ, ಸಿಮೆಂಟ್ ಮೆತ್ತಿಕೊಂಡಿರುತ್ತದೆ. ಅಂಥ ಪ್ಲಾಸ್ಟಿಕ್‌ನಿಂದ ಹೊಳೆಯುವ ಹೊಸ ಬಕೆಟ್ ಮಾಡುವುದು ಕಷ್ಟ.

ಇನ್ನೊಂದು ಸಮಸ್ಯೆ ಬೆಲೆಯದ್ದು. ಹೊಸ ಪ್ಲಾಸ್ಟಿಕ್ ದರ ಕಚ್ಚಾ ತೈಲದ ಜೊತೆ ಏರಿಳಿಯುತ್ತದೆ. ತೈಲ ಅಗ್ಗವಾದಾಗ ಹೊಸ ಹರಳೇ ಅಗ್ಗ. ಹಳೆಯದನ್ನು ಆಯ್ದು, ಬಣ್ಣವಾರು ಬೇರ್ಪಡಿಸಿ, ತೊಳೆದು, ಕರಗಿಸುವ ಖರ್ಚು ಮಾತ್ರ ಇಳಿಯುವುದಿಲ್ಲ. ಆಗ ಹಳೆಯದನ್ನು ಕೊಳ್ಳುವವರು ಇರುವುದಿಲ್ಲ.

ಮೂರನೆಯದು ನಂಬಿಕೆಯ ಸಮಸ್ಯೆ. ಇಪಿಆರ್ ವ್ಯವಸ್ಥೆ ನಡೆಯುವುದು ಪ್ರಮಾಣಪತ್ರಗಳ ಮೇಲೆ. ಇಂತಿಷ್ಟು ಪ್ಲಾಸ್ಟಿಕ್ ಸಂಸ್ಕರಿಸಿದ್ದೇನೆ ಎಂದು ಸಂಸ್ಕರಣಾ ಘಟಕ ಪ್ರಮಾಣಪತ್ರ ಪಡೆಯುತ್ತದೆ, ಬ್ರ್ಯಾಂಡ್ ಮಾಲೀಕರು ಅದನ್ನು ಕೊಳ್ಳುತ್ತಾರೆ. 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪರಿಶೀಲನೆ ನಡೆಸಿದಾಗ ಗುಜರಾತ್, ಮಹಾರಾಷ್ಟ್ರ ಮತ್ತು ಕರ್ನಾಟಕದ ನಾಲ್ಕು ಘಟಕಗಳು 6 ಲಕ್ಷಕ್ಕೂ ಹೆಚ್ಚು ನಕಲಿ ಪ್ರಮಾಣಪತ್ರ ಸೃಷ್ಟಿಸಿದ್ದು ಬೆಳಕಿಗೆ ಬಂತು. ಅಂದರೆ ಕಾಗದದ ಮೇಲೆ ಕರಗಿದ ಪ್ಲಾಸ್ಟಿಕ್ ನಿಜದಲ್ಲಿ ಕರಗಿರಲೇ ಇಲ್ಲ. ಮಂಡಳಿಯ 2022-23ರ ವರದಿಯಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 41 ಲಕ್ಷ ಟನ್ ಪ್ಲಾಸ್ಟಿಕ್ ತ್ಯಾಜ್ಯ ಹುಟ್ಟುತ್ತಿದೆ. ಇಂಥ ಮೋಸ ನಡೆದಾಗ ಪ್ರಾಮಾಣಿಕವಾಗಿ ತೊಳೆದು ಕರಗಿಸುವ ಘಟಕವೇ ಮೊದಲು ಬಾಗಿಲು ಮುಚ್ಚಬೇಕಾಗುತ್ತದೆ, ಏಕೆಂದರೆ ನಕಲಿ ಪ್ರಮಾಣಪತ್ರಕ್ಕೆ ಯಾವ ಖರ್ಚೂ ಇಲ್ಲ.

ಆಸ್ಟ್ರೇಲಿಯಾ ಎಡವಿದ್ದು ಎಲ್ಲಿ, ಗೆದ್ದಿದ್ದು ಎಲ್ಲಿ?

ಇದೇ ಹಾದಿಯಲ್ಲಿ ನಮಗಿಂತ ಮೊದಲು ನಡೆದ ದೇಶ ಆಸ್ಟ್ರೇಲಿಯಾ. ಪ್ಯಾಕೇಜಿಂಗ್‌ನಲ್ಲಿ ಅದು ದೊಡ್ಡ ಹೆಸರು. 19ನೇ ಶತಮಾನದಲ್ಲಿ ಮೆಲ್ಬರ್ನ್‌ನಲ್ಲಿ ಕಾಗದ ಕಂಪನಿಯಾಗಿ ಹುಟ್ಟಿದ ಆಮ್‌ಕೋರ್ ಇಂದು ಜಾಗತಿಕ ದೈತ್ಯ. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಬೆರ್ರಿ ಗ್ಲೋಬಲ್ ಕಂಪನಿಯನ್ನು ತನ್ನೊಳಗೆ ಸೇರಿಸಿಕೊಂಡಿತು. ವಿಸಿ, ಒರೋರಾ, ಪ್ಯಾಕ್ಟ್ ಗ್ರೂಪ್ ಅಲ್ಲಿನ ಇತರ ದೊಡ್ಡ ಕಂಪನಿಗಳು.

ಅಲ್ಲಿ 2025ರೊಳಗೆ ಎಲ್ಲ ಪ್ಯಾಕೇಜಿಂಗ್ ಮರುಬಳಕೆಗೆ ಇಲ್ಲವೇ ಸಂಸ್ಕರಣೆಗೆ ಯೋಗ್ಯವಾಗಿರಬೇಕು, ಪ್ಲಾಸ್ಟಿಕ್ ಪ್ಯಾಕೇಜಿಂಗ್‌ನ ಶೇ 70 ಭಾಗ ಸಂಸ್ಕರಣೆಯಾಗಬೇಕು ಎಂಬ ರಾಷ್ಟ್ರೀಯ ಗುರಿ ಇಟ್ಟುಕೊಂಡಿದ್ದರು. ಉದ್ಯಮವೇ ಸ್ವಇಚ್ಛೆಯಿಂದ ಸಾಧಿಸಲಿ ಎಂದು ಬಿಡಲಾಗಿತ್ತು. ಗುರಿ ತಲುಪಲು ಆಗುವುದಿಲ್ಲ ಎಂದು 2023ರಲ್ಲೇ ಒಪ್ಪಿಕೊಳ್ಳಬೇಕಾಯಿತು. ಸೂಪರ್‌ಮಾರ್ಕೆಟ್‌ಗಳಲ್ಲಿ ತೆಳು ಪ್ಲಾಸ್ಟಿಕ್ ಸಂಗ್ರಹಿಸುತ್ತಿದ್ದ 'ರೆಡ್‌ಸೈಕಲ್' ಯೋಜನೆ 2022ರ ನವೆಂಬರ್‌ನಲ್ಲಿ ನಿಂತುಹೋಯಿತು. ಜನ ನಂಬಿ ತಂದು ಹಾಕಿದ ಸಾವಿರಾರು ಟನ್ ಪ್ಲಾಸ್ಟಿಕ್ ಗೋದಾಮುಗಳಲ್ಲಿ ರಾಶಿ ಬಿದ್ದಿತ್ತು. ಸಂಗ್ರಹ ಚೆನ್ನಾಗಿತ್ತು, ಕೊಳ್ಳುವವರು ಇರಲಿಲ್ಲ.

ಆದರೆ ಅದೇ ದೇಶ ಇನ್ನೊಂದು ಕಡೆ ಗೆದ್ದಿದೆ. ದಕ್ಷಿಣ ಆಸ್ಟ್ರೇಲಿಯಾ ರಾಜ್ಯದಲ್ಲಿ 1977ರಿಂದಲೇ ಖಾಲಿ ಬಾಟಲಿ ವಾಪಸ್ ಕೊಟ್ಟರೆ ಹಣ ಸಿಗುತ್ತದೆ. ಈಗ ಅದು 10 ಸೆಂಟ್. 2025ರಲ್ಲಿ ಟಾಸ್ಮೇನಿಯಾ ಕೂಡ ಸೇರುವುದರೊಂದಿಗೆ ಈ ವ್ಯವಸ್ಥೆ ಎಲ್ಲ ರಾಜ್ಯಗಳಿಗೂ ಬಂದಿದೆ. ಹೀಗೆ ಬಂದ ಶುಚಿಯಾದ ಬಾಟಲಿಗಳನ್ನು ನೆಚ್ಚಿಕೊಂಡೇ ಪ್ಯಾಕ್ಟ್ ಗ್ರೂಪ್, ತ್ಯಾಜ್ಯ ನಿರ್ವಹಣೆಯ ಕ್ಲೀನ್‌ಅವೇ ಮತ್ತು ಎರಡು ಪಾನೀಯ ಕಂಪನಿಗಳು ಸೇರಿ ಆಲ್ಬರಿಯಲ್ಲಿ ಸಂಸ್ಕರಣಾ ಘಟಕ ಕಟ್ಟಿದವು. ಬಾಟಲಿ ಮಾಡುವವರು, ತುಂಬುವವರು, ಕಸ ಎತ್ತುವವರು ಮೂವರೂ ಪಾಲುದಾರರಾದ್ದರಿಂದ ಸಂಸ್ಕರಿಸಿದ ಮಾಲನ್ನು ಕೊಳ್ಳಲು ಜನ ಸಿದ್ಧರಿದ್ದರು.

ಹೈದರಾಬಾದ್ ಮುಂದಿರುವ ದಾರಿ

ಹಣ ಕೊಟ್ಟು ಖಾಲಿ ಸೀಸೆ ವಾಪಸ್ ಪಡೆಯುವುದು ನಮಗೇನೂ ಹೊಸದಲ್ಲ. ಸೋಡಾ ಬಾಟಲಿ, ಬಿಯರ್ ಬಾಟಲಿ ಎಷ್ಟೋ ಕಾಲದಿಂದ ಹೀಗೆ ಓಡಾಡಿವೆ. ತಮಿಳುನಾಡು 2022ರಲ್ಲಿ ನೀಲಗಿರಿಯಲ್ಲಿ ಖಾಲಿ ಮದ್ಯದ ಬಾಟಲಿಗೆ 10 ರೂಪಾಯಿ ವಾಪಸ್ ಕೊಡುವ ಯೋಜನೆ ಶುರು ಮಾಡಿತು. ಕೇರಳವೂ ಇದೇ ಹಾದಿ ಹಿಡಿದಿದೆ.

ಪೇಂಟ್ ಬಕೆಟ್‌ಗೂ ಇದು ಸಾಧ್ಯ. ಪೇಂಟರ್‌ಗಳನ್ನು ತಮ್ಮತ್ತ ಸೆಳೆಯಲು ಕಂಪನಿಗಳು ಬಕೆಟ್ ಒಳಗೆ ಟೋಕನ್ ಇಡುವ ರೂಢಿ ಎಲ್ಲರಿಗೂ ಗೊತ್ತು. ಬಕೆಟ್ ಮಾರಾಟವಾಗಲು ಟೋಕನ್ ಕೊಡುವ ಜಾಲ ಇದೆ ಎಂದ ಮೇಲೆ ಬಕೆಟ್ ವಾಪಸ್ ಬರಲೂ ಅದೇ ಜಾಲ ಬಳಸಬಹುದು. ಹಳೆಯ, ಒಡೆದ ಬಕೆಟ್ ತಂದುಕೊಟ್ಟ ಪೇಂಟರ್‌ಗೆ ಅಂಗಡಿಯಲ್ಲೇ ಒಂದಿಷ್ಟು ಹಣ ಸಿಗಲಿ. ಹೊಸ ಬಕೆಟ್ ತಂದ ಲಾರಿ ಹಳೆಯದನ್ನು ಒತ್ತಿ ಪುಡಿ ಮಾಡಿ ಒಯ್ಯಲಿ. ಮೈಸೂರಿನಲ್ಲಿ ಪೇಂಟ್ ಕಾರ್ಖಾನೆ ಮತ್ತು ಬಕೆಟ್ ಘಟಕ ಹತ್ತಿರದಲ್ಲೇ ಇರುವುದರಿಂದ ಮೊದಲ ಪ್ರಯೋಗ ಅಲ್ಲೇ ನಡೆಯಬಹುದು.

ಸರ್ಕಾರ ಮಾಡಬೇಕಾದ್ದು ಎರಡು ಕೆಲಸ. ಒಂದು, ಪ್ರಮಾಣಪತ್ರವನ್ನಲ್ಲ, ಘಟಕದ ವಿದ್ಯುತ್ ಬಿಲ್, ಜಿಎಸ್‌ಟಿ ಲೆಕ್ಕ, ಯಂತ್ರದ ಸಾಮರ್ಥ್ಯವನ್ನು ತಾಳೆ ನೋಡುವುದು. ದಿನಕ್ಕೆ ಹತ್ತು ಟನ್ ಸಾಮರ್ಥ್ಯದ ಯಂತ್ರ ನೂರು ಟನ್ ಕರಗಿಸಲು ಸಾಧ್ಯವಿಲ್ಲ. ಇದನ್ನು ಹಿಡಿಯಲು ದೊಡ್ಡ ಪಾಂಡಿತ್ಯ ಬೇಕಿಲ್ಲ. ಎರಡು, ಚಿಂದಿ ಆಯುವವರನ್ನು ಈ ಲೆಕ್ಕದೊಳಗೆ ತರುವುದು. ಇಡೀ ಸರಪಳಿ ಶುರುವಾಗುವುದೇ ಅವರ ಕೈಯಿಂದ. ಪ್ರಮಾಣಪತ್ರದ ಹಣ ಘಟಕದ ಬಾಗಿಲಲ್ಲೇ ನಿಂತರೆ ರಸ್ತೆಯಲ್ಲಿ ಬಿದ್ದ ಅಗ್ಗದ ಪ್ಲಾಸ್ಟಿಕ್ ಅನ್ನು ಎತ್ತಲು ಅವರು ಯಾಕೆ ಬಗ್ಗಬೇಕು?

ಗ್ರಾಹಕರಾಗಿ ನಾವು ಕೇಳಬಹುದಾದ ಪ್ರಶ್ನೆಯೂ ಇದೆ: ಈ ಡಬ್ಬಿಯಲ್ಲಿ ಹಳೆಯ ಪ್ಲಾಸ್ಟಿಕ್ ಎಷ್ಟಿದೆ? ಹೊಸ ಬಕೆಟ್ ತುಸು ಮಂಕಾಗಿ, ಬಿಳಿಯ ಬದಲು ಬೂದು ಬಣ್ಣದಲ್ಲಿದ್ದರೆ ಅದನ್ನು ಕಳಪೆ ಎಂದು ತಳ್ಳದಿರುವುದು ನಮ್ಮ ಪಾಲಿನ ಕೆಲಸ.

ಸಂಸ್ಕರಿಸುವ ಘಟಕ, ಡಬ್ಬಿ ಮಾಡುವ ಯಂತ್ರ, ಕೊಳ್ಳುವ ಕಂಪನಿ, ಎಲ್ಲವೂ ಆಸುಪಾಸಿನಲ್ಲೇ ಇರುವ ಊರು ಹೈದರಾಬಾದ್. ಇಲ್ಲಿ ಈ ವ್ಯವಸ್ಥೆ ನಡೆಯದಿದ್ದರೆ ದೇಶದ ಬೇರೆ ಕಡೆ ನಡೆಯುವುದು ಇನ್ನೂ ಕಷ್ಟ. 2028-29ಕ್ಕೆ ಉಳಿದಿರುವ ಸಮಯ ಕಡಿಮೆ. ಆ ಹೊತ್ತಿಗೆ ಶೇ 60ರ ಗುರಿ ಬಕೆಟ್‌ನಲ್ಲಿ ಕಾಣುತ್ತದೋ ಪ್ರಮಾಣಪತ್ರದಲ್ಲಿ ಮಾತ್ರ ಕಾಣುತ್ತದೋ ಎಂಬುದು, ಈಗಿನಿಂದ ಖಾಲಿ ಡಬ್ಬಿಗೆ ಎಷ್ಟು ಬೆಲೆ ಕೊಡುತ್ತೇವೆ ಎಂಬುದರ ಮೇಲೆ ನಿಂತಿದೆ.