ಎದುರಿಗೊಬ್ಬ ಅರ್ಥಧಾರಿ ಬೇಕು

ಹೋದ ತಿಂಗಳು ಆಫೀಸಿನಲ್ಲಿ ನಮ್ಮನ್ನೆಲ್ಲ ಮೀಟಿಂಗ್ ರೂಮಿಗೆ ಕರೆದು, ಕುರ್ಚಿಗಳನ್ನು ಗೋಡೆಗೆ ಸರಿಸಿ, ಇಂಪ್ರೊವ್ ವರ್ಕ್‌ಶಾಪ್ ಮಾಡಿಸಿದರು. ಇಂಪ್ರೊವ್ ಅಂದ್ರೆ ಸ್ಕ್ರಿಪ್ಟ್ ಇಲ್ಲದೆ ನಿಂತ ಜಾಗದಲ್ಲೇ ಹುಟ್ಟಿಸುವ ನಾಟಕ. ನಿಯಮ ಒಂದೇ: ಎದುರಿನವರು ಏನೇ ಹೇಳಲಿ, 'ಹೌದು, ಮತ್ತೆ...' ಅಂತ ಮುಂದುವರಿಸಬೇಕು. ಒಬ್ಬ "ಈ ಲಿಫ್ಟ್ ಚಂದ್ರನಿಗೆ ಹೋಗ್ತಿದೆ" ಅಂದ. ನಾನು "ಹೌದು, ಮತ್ತೆ ಸಿಲ್ಕ್ ಬೋರ್ಡಿಗಿಂತ ಬೇಗ ತಲುಪುತ್ತೆ" ಅಂದೆ. ಎಲ್ಲರೂ ನಕ್ಕರು. ಕೊನೆಗೆ ಟ್ರೈನರ್, "ನಿಮ್ಮೊಳಗಿನ ವಿಮರ್ಶಕನನ್ನು ಕೆಲಸದಿಂದ ತೆಗೀರಿ, ರೈಟರ್ಸ್ ಬ್ಲಾಕ್ ತಾನಾಗಿ ಹೋಗುತ್ತೆ" ಅಂತ ಆಶೀರ್ವಾದ ಮಾಡಿ ಹೋದರು.

ನಾನು ನಂಬಿದೆ. ಯಾಕಂದ್ರೆ ಎಂಟು ತಿಂಗಳಿಂದ ಒಂದು ಬರಹ ಲ್ಯಾಪ್‌ಟಾಪಿನಲ್ಲಿ ಕೊಳೀತಾ ಇತ್ತು. ಊರಿನ ಗದ್ದೆ ಮಾರಿದ್ದರ ಬಗ್ಗೆ. ಮೊದಲ ಪ್ಯಾರಾ ಆರು ಸಲ ಬರೆದು ಆರೂ ಸಲ ಅಳಿಸಿದ್ದೆ. ಆ ರಾತ್ರಿ ವಿಮರ್ಶಕನಿಗೆ ರಿಲೀವಿಂಗ್ ಲೆಟರ್ ಕೊಟ್ಟು, ತಲೆಗೆ ಬಂದದ್ದಕ್ಕೆಲ್ಲ ಹೌದು-ಮತ್ತೆ ಅನ್ನುತ್ತ ಬರೆದೆ. ನಾಲ್ಕು ಪುಟ ಆಯಿತು. ಮಣ್ಣಿನ ವಾಸನೆ, ಮತ್ತೆ ಅಜ್ಜನ ಕಂಬಳಿ, ಮತ್ತೆ ಮೊದಲ ಮಳೆ. ಬೆಳಿಗ್ಗೆ ಓದಿದರೆ ಯಾವುದೋ ಹೋಮ್‌ಸ್ಟೇ ಜಾಹೀರಾತಿನ ಥರ ಇತ್ತು.

ನನ್ನ ಜಗಳ ಇಂಪ್ರೊವ್ ಜೊತೆಗಲ್ಲ, ಅದರ ಸಿಪ್ಪೆ ಮಾರುವವರ ಜೊತೆಗೆ. ಇಂಪ್ರೊವ್ ಗುರುಗಳಲ್ಲಿ ದೊಡ್ಡ ಹೆಸರು ಕೀತ್ ಜಾನ್‌ಸ್ಟೋನ್. 1950ರ ದಶಕದ ಕೊನೆಯಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರಿನಲ್ಲಿದ್ದ ನಾಟಕಕಾರರ ಗುಂಪಿನಲ್ಲಿ ಅವರು ಒಂದು ನಿಯಮ ತಂದರು: ಆಡಿ ತೋರಿಸಬಹುದಾದ ಯಾವುದನ್ನೂ ಚರ್ಚೆ ಮಾಡಬಾರದು. ಎಡ್ವರ್ಡ್ ಬಾಂಡ್, ಮುಂದೆ ನೊಬೆಲ್ ಪಡೆದ ವೋಲೆ ಸೋಯಿಂಕಾ ಅಂಥವರು ಆ ಗುಂಪಿನಲ್ಲಿದ್ದರು. ಅಂದರೆ ಬರೆಯುವವರನ್ನು ಕುರ್ಚಿಯಿಂದ ಎಬ್ಬಿಸಿ ಇನ್ನೊಬ್ಬ ಮನುಷ್ಯನ ಎದುರು ನಿಲ್ಲಿಸುವುದೇ ಅಲ್ಲಿನ ಕೆಲಸ. 1979ರಲ್ಲಿ ಬಂದ ತಮ್ಮ 'ಇಂಪ್ರೊ' ಪುಸ್ತಕದಲ್ಲಿ 'ಬ್ಲಾಕ್' ಅನ್ನುವ ಪದವನ್ನು ಅವರು ಬಳಸೋದು ಬೇರೆ ಅರ್ಥದಲ್ಲಿ: ಜೊತೆಗಾರ ಮುಂದಿಟ್ಟದ್ದನ್ನು ತಳ್ಳಿಹಾಕಿ ಆಟ ಮುಂದೆ ಹೋಗದ ಹಾಗೆ ಮಾಡುವುದು. ಅದಕ್ಕೂ ಇಬ್ಬರು ಬೇಕು ತಾನೆ? ರಾತ್ರಿ ಹನ್ನೊಂದಕ್ಕೆ ಒಬ್ಬನೇ ಕೂತು ಬರೆಯುವವನ ಮುಂದೆ ಯಾರು ಏನು ಇಡುತ್ತಾರೆ? ನನಗೆ ನಾನೇ ಹೌದು-ಮತ್ತೆ ಅಂದುಕೊಂಡರೆ ಅದು ಅಭ್ಯಾಸ ಅಲ್ಲ, ಸ್ವಂತಕ್ಕೆ ಹೊಡೆದುಕೊಂಡ ಚಪ್ಪಾಳೆ. (ಅದಕ್ಕೀಗ ಚಾಟ್‌ಬಾಟ್ ಕೂಡ ಇದೆ. ಏನು ಕೇಳಿದರೂ "ಅದ್ಭುತವಾದ ಐಡಿಯಾ!" ಅನ್ನುತ್ತೆ. ಬರೆಯುವವನಿಗೆ ಇದಕ್ಕಿಂತ ಕೆಟ್ಟ ಗೆಳೆಯ ಸಿಗಲಾರ.)

ನಾನು ಮಲೆನಾಡಿನವನು, ತಾಳಮದ್ದಳೆ ಕೇಳಿ ಬೆಳೆದವನು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಆ ಪದ್ಯವನ್ನು ಮಾತಿನಲ್ಲಿ ಬೆಳೆಸುತ್ತಾರೆ. ಪದ್ಯ ಮೊದಲೇ ಇದೆ, ಮಾತು ಆ ರಾತ್ರಿ ಹುಟ್ಟಬೇಕು. ಬಾಣ ತಗುಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದ್ಯಾವ ಧರ್ಮ ಅಂತ ರಾಮನನ್ನು ಕೇಳುತ್ತಾನೆ. ಈ ಪ್ರಶ್ನೆ ಬರುತ್ತೆ ಅಂತ ಸಭೆಗೆಲ್ಲ ಗೊತ್ತು. ಆದರೆ ಇವತ್ತಿನ ವಾಲಿ ಅದನ್ನು ಯಾವ ದಿಕ್ಕಿನಿಂದ ಎಸೆಯುತ್ತಾನೆ ಅನ್ನೋದು ರಾಮನ ಅರ್ಥಧಾರಿಗೂ ಗೊತ್ತಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಎದುರು ಕೂತರೆ ತಯಾರಿ ಇಲ್ಲದವನ ಗತಿ ಊಹಿಸಿ!

ಗಮನಿಸಿ, ವಾಲಿ 'ಬಾಣವೇ ಬಿದ್ದಿಲ್ಲ' ಅನ್ನುವುದಿಲ್ಲ. ಹಾಗಂದರೆ ಪ್ರಸಂಗ ಅಲ್ಲೇ ಸತ್ತಿತು. ಬಾಣವನ್ನು ಒಪ್ಪುತ್ತಾನೆ, ಹೊಡೆದವನ ಸಮರ್ಥನೆಯನ್ನು ಒಪ್ಪುವುದಿಲ್ಲ. ಇಂಪ್ರೊವ್ ಗಂಭೀರವಾಗಿ ಮಾಡುವವರಿಗೂ ಇದು ಗೊತ್ತು: ಹೌದು ಅನ್ನಬೇಕಾದದ್ದು ಕಟ್ಟಿದ ಲೋಕಕ್ಕೆ, ಎದುರಿನ ಪಾತ್ರದ ಮಾತಿಗೆಲ್ಲ ಅಲ್ಲ. ನಮ್ಮ ವರ್ಕ್‌ಶಾಪಿನಲ್ಲಿ ಈ ಅರ್ಧ ಕಾಣೆಯಾಗಿತ್ತು. ಯಾಕೆ ಅಂತ ಹೇಳೋದು ಕಷ್ಟವೇನಲ್ಲ. ಮ್ಯಾನೇಜರುಗಳೂ ಕೂತಿರೋ ರೂಮಿನಲ್ಲಿ 'ಎದುರು ಮಾತಾಡಿ' ಅಂತ ಯಾವ ಟ್ರೈನರ್ ಹೇಳಿಕೊಡ್ತಾನೆ ಹೇಳಿ?

(ಇದನ್ನೆಲ್ಲ ನಮ್ಮ ಹಿರಿಯರು ಮೊದಲೇ ಕಂಡುಹಿಡಿದಿದ್ದರು ಅಂತ ವಾಟ್ಸಾಪಿಗೆ ಹಾಕಲು ಹೊರಟವರೇ, ಸ್ವಲ್ಪ ತಡೀರಿ. ಕೊನೇ ಸಲ ಪೂರ್ತಿ ತಾಳಮದ್ದಳೆ ಕೂತು ಕೇಳಿದ್ದು ಯಾವಾಗ?)

ನಾನು ಊರಲ್ಲಿರೋ ಅಕ್ಕನಿಗೆ ಫೋನ್ ಮಾಡಿದೆ. "ಅಕ್ಕಾ, ನೀನು ಗದ್ದೆ, ನಾನು ಮಾರಿದವನು. ಮಾತಾಡು" ಅಂದೆ.

"ನಿಂಗೆ ತಲೆ ಸರಿ ಇದ್ಯಾ ಮಾರಾಯ?" ಅಂತ ನಕ್ಕಳು. ಸ್ವಲ್ಪ ಹೊತ್ತು ಬಿಟ್ಟು, "ಹೌದಪ್ಪಾ, ಮಾರಿದೆ. ಕೊನೇ ಸಲ ನನ್ನೊಳಗೆ ಕಾಲಿಟ್ಟಿದ್ದು ಯಾವಾಗ?" ಅಂದಳು.

"ಬೆಂಗಳೂರಲ್ಲಿ ಕೆಲಸ..."

"ಕೆಲಸ ಇತ್ತು, ಸರಿ. ಆಳು ಸಿಗಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ಬಂದ್ಯಲ್ಲ, ಫ್ಲಾಟಿನ ಸಾಲಕ್ಕೆ ಮಾರಿದ್ದು ಅಂತ ಒಬ್ರಿಗಾದ್ರೂ ಹೇಳಿದ್ಯಾ?"

ಆರು ಸಲ ಅಳಿಸಿದ ಪ್ಯಾರಾಗಳಲ್ಲಿ ಆರರಲ್ಲೂ ಆಳು ಸಿಗುವುದಿಲ್ಲ ಅಂತಲೇ ಬರೆದಿದ್ದೆ. ಕೆಲಸದಿಂದ ತೆಗೆದ ನನ್ನ ವಿಮರ್ಶಕ ಸೋಮಾರಿಯಾಗಿರಲಿಲ್ಲ. ಸುಳ್ಳು ಎಲ್ಲಿದೆ ಅಂತ ಅವನಿಗೆ ಗೊತ್ತಿತ್ತು, ಆದರೆ ಬಾಯಿ ಇರಲಿಲ್ಲ.

ಹಾಗಾಗಿ ಬರಹ ನಿಂತಿದ್ದರೆ ನನ್ನ ಸಲಹೆ ಇಷ್ಟೇ. ನಿಮ್ಮ ವಿಷಯ ಚೆನ್ನಾಗಿ ಗೊತ್ತಿದ್ದು ನಿಮ್ಮ ಮುಲಾಜಿಲ್ಲದ ಒಬ್ಬರನ್ನು ಹುಡುಕಿ. ಡ್ರಾಫ್ಟ್ ತೋರಿಸಬೇಡಿ, ತೋರಿಸಿದರೆ "ಚೆನ್ನಾಗಿದೆ" ಅಂದುಬಿಡುತ್ತಾರೆ. ಅವರಿಗೊಂದು ಪಾತ್ರ ಕೊಡಿ, ಹತ್ತು ನಿಮಿಷ ನಿಲ್ಲಿಸದೆ ವಾದ ಮಾಡಿ, ಕೇಳಿಯೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಉತ್ತರ ಹೊಳೆಯದೆ ನೀವು ತೊದಲಿದ ಜಾಗ ಎಲ್ಲಿದೆ ನೋಡಿ. ಅಲ್ಲಿಂದ ಬರೆಯಿರಿ.

ನನ್ನ ಏಳನೇ ಮೊದಲ ಪ್ಯಾರಾ ಈಗ ಇಎಂಐನಿಂದ ಶುರುವಾಗುತ್ತೆ. ಅಕ್ಕನಿಗೆ ಇನ್ನೂ ಓದಿ ಹೇಳಿಲ್ಲ. ಗದ್ದೆಯಲ್ಲಿ ಅವಳದೂ ಪಾಲಿತ್ತು. ರಿಜಿಸ್ಟ್ರೇಷನ್ ದಿನ ಅವಳ ಸಹಿ ಹೇಗೆ ತಗೊಂಡೆ ಅನ್ನೋ ಪ್ಯಾರಾ ಇನ್ನೂ ಬರೆಯಬೇಕಿದೆ.