ಹೊಸ ಮೀನಿಗೂ ಬೇರೆ ರೊಪ್ಪ ಬೇಕು

ಸಂತೆಯಿಂದ ತಂದ ಕುರಿಯನ್ನು ನಾವು ಅದೇ ದಿನ ರೊಪ್ಪಕ್ಕೆ ಸೇರಿಸುವುದಿಲ್ಲ. ಹದಿನೈದಿಪ್ಪತ್ತು ದಿನ ಬೇರೆ ಕಟ್ಟಿ, ಕಾಲು ಬಾಯಿ ನೋಡಿ ಆಮೇಲೆ ಬಿಡುತ್ತೇವೆ. ಕೃಷಿಹೊಂಡಕ್ಕೆ ಮೀನುಮರಿ ತಂದಾಗ ಮಾತ್ರ ಚೀಲ ಬಿಚ್ಚಿ ಸುರಿದುಬಿಡ್ತೀವಿ. ಇದು ತಪ್ಪು. ಎರಡು ಸಲ ಕೈ ಸುಟ್ಟುಕೊಂಡು ಈ ಮಾತು ಬರೆಯುತ್ತಿದ್ದೇನೆ.

ನಮ್ಮದು ಹಿರಿಯೂರು ಕಡೆಯ ಮಳೆ ನಂಬಿದ ಜಮೀನು. 21 ಮೀಟರ್ ಉದ್ದಗಲದ ಹೊಂಡ, ಒಳಗೆ ಪ್ಲಾಸ್ಟಿಕ್ ಹಾಳೆ. 2021ರಲ್ಲಿ ಬಿಟ್ಟ ಕಾಟ್ಲಾ, ರೋಹು, ಗೆಂಡೆಗಳಲ್ಲಿ ಎಪ್ಪತ್ತರಷ್ಟು ಉಳಿದು ಕೆ.ಜಿ. ತೂಕಕ್ಕೆ ಬಂದಿದ್ದವು. ವಾಣಿ ವಿಲಾಸ ಸಾಗರ ಕೋಡಿ ಬಿದ್ದ 2022ರಲ್ಲಿ ನಮ್ಮ ಹೊಂಡವೂ ತುಂಬಿತು. ಆಸೆಪಟ್ಟು ಮುನ್ನೂರು ಹೊಸ ಮರಿ ಬಿಟ್ಟೆ. ಕೆಲವೇ ವಾರದಲ್ಲಿ ಹಳೇ ಮೀನುಗಳು ಹಾಳೆಗೆ ಮೈ ಉಜ್ಜತೊಡಗಿದವು. ಹಿಡಿದು ನೋಡಿದರೆ ರೆಕ್ಕೆಯ ಬುಡದಲ್ಲಿ ಅಕ್ಕಿಕಾಳಿನಷ್ಟು ದೊಡ್ಡ, ಚಪ್ಪಟೆಯಾದ ಹೇನು, ದನದ ಉಣ್ಣೆಯ ಹಾಗೆ ಕಚ್ಚಿಕೊಂಡಿತ್ತು. ಕಚ್ಚಿದ ಜಾಗ ಹುಣ್ಣಾಯಿತು. ನಲವತ್ತು ಮೀನು ಹೋದವು. ಲಕ್ಷಗಟ್ಟಲೆ ಲೀಟರ್ ನೀರಿಗೆ ಔಷಧಿ ಹಾಕೋದು ಎಲ್ಲಾದರೂ ಆಗುವ ಮಾತೇ?

ಮುಂದಿನ ವರ್ಷ ಬುದ್ಧಿ ಬಂತು ಅಂದುಕೊಂಡೆ. 500 ಲೀಟರಿನ ಪ್ಲಾಸ್ಟಿಕ್ ಟ್ಯಾಂಕಿಗೆ ಬೆಳಿಗ್ಗೆ ಕೊಳವೆಬಾವಿ ನೀರು ತುಂಬಿ ಸಂಜೆಗೆ ಮರಿ ಬಿಟ್ಟೆ. ನೀರು ಕನ್ನಡಿಯ ಹಾಗೆ ತಿಳಿಯಾಗಿತ್ತು. ಆದರೂ ಐದೇ ದಿನದಲ್ಲಿ ಮುಕ್ಕಾಲು ಪಾಲು ಸತ್ತವು. ದಾವಣಗೆರೆಯಲ್ಲಿರುವ ಅಕ್ಕನ ಮಗ ಮನೆಯಲ್ಲಿ ಅಕ್ವೇರಿಯಂ ಇಟ್ಟಿದ್ದಾನೆ. ಅವನನ್ನು ಕೇಳಿದೆ. "ಮಾವ, ನೀರು ಇನ್ನೂ ಪಳಗಿರಲಿಲ್ಲ" ಅಂದ.

ಪಳಗುವುದು ಅಂದರೆ ಇಷ್ಟೇ. ಮೀನಿನ ಹೇಲು, ಉಳಿದ ಆಹಾರ, ಅದರ ಉಸಿರು ಇವೆಲ್ಲದರಿಂದ ನೀರಿಗೆ ಅಮೋನಿಯಾ ಸೇರುತ್ತದೆ. ಅದು ಮೀನಿಗೆ ವಿಷ, ಕಣ್ಣಿಗೆ ಕಾಣುವುದಿಲ್ಲ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ, ಅದರಿಂದ ಅಷ್ಟು ತೊಂದರೆಯಿಲ್ಲ. ನಮ್ಮ ಹೊಲದಲ್ಲಿ ಗೊಬ್ಬರ ಕರಗಿ ರಾಗಿ ಬೇರಿಗೆ ಸಿಗುವುದೂ ಹೀಗೆಯೇ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ಬೆಳೆದಿರುವುದಿಲ್ಲ. ತಾನಾಗಿ ಕೂರಲು ನಾಲ್ಕರಿಂದ ಆರು ವಾರ ಬೇಕು.

ಹಾಲಿಗೆ ಹೆಪ್ಪು ಹಾಕುವ ಹಾಗೆ ಇದಕ್ಕೂ ಹಾಕಬಹುದು. ನಾನೀಗ ಒಂದು ಬಲೆಚೀಲದಲ್ಲಿ ಸಣ್ಣ ಜಲ್ಲಿ ಕಟ್ಟಿ ವರ್ಷವಿಡೀ ಹೊಂಡದಲ್ಲೇ ಇಳಿಬಿಟ್ಟಿರುತ್ತೇನೆ. ಆರಿದ್ರಾ ಮಳೆ ಹೊತ್ತಿಗೆ ಅದನ್ನು ತಂದು ಟ್ಯಾಂಕಿಗೆ ಹಾಕಿ, ಅಕ್ವೇರಿಯಂ ಅಂಗಡಿಯ ಗಾಳಿ ಪಂಪು ಬಿಡುತ್ತೇನೆ. ಮೀನಿಲ್ಲದಿದ್ದರೂ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಬೇಕು. ಅದು ಕೊಳೆತರೇ ಬ್ಯಾಕ್ಟೀರಿಯಾಕ್ಕೆ ಊಟ. ಅದೇ ಅಂಗಡಿಯಲ್ಲಿ ಹನಿ ಹಾಕಿ ಬಣ್ಣ ನೋಡುವ ಪರೀಕ್ಷೆ ಸೀಸೆ ಸಿಗುತ್ತದೆ. ಅಮೋನಿಯಾ ಏರಿ ಇಳಿಯಬೇಕು, ಆಮೇಲೆ ನೈಟ್ರೈಟ್ ಏರಿ ಇಳಿಯಬೇಕು. ದಿನಾ ಆಹಾರ ಹಾಕುತ್ತಿದ್ದರೂ ಎರಡೂ ಸೊನ್ನೆ ತೋರಿಸಿದರೆ ನೀರು ಪಳಗಿತು. ಸಿಮೆಂಟ್ ತೊಟ್ಟಿಯಾದರೆ ಮೊದಲೇ ಹಲವು ಸಲ ನೀರು ತುಂಬಿ ಚೆಲ್ಲಿ ಸುಣ್ಣದ ಅಂಶ ತೆಗೆಯಿರಿ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದನ್ನು ಹೋಗಲಾಡಿಸದೆ ಬಳಸಬೇಡಿ.

ಮರಿ ಬಂದ ದಿನ ಚೀಲವನ್ನು ಇಪ್ಪತ್ತು ನಿಮಿಷ ಟ್ಯಾಂಕಿನಲ್ಲಿ ತೇಲಿಬಿಟ್ಟು, ಮರಿಯನ್ನಷ್ಟೇ ಬಲೆಯಲ್ಲಿ ಎತ್ತಿ ಬಿಡುತ್ತೇನೆ. ಚೀಲದ ನೀರನ್ನು ಹೊಂಡದ ಹತ್ತಿರವೂ ಚೆಲ್ಲುವುದಿಲ್ಲ. ಲೀಟರಿಗೆ ಮೂರು ಗ್ರಾಂನಂತೆ ಒಂದೂವರೆ ಕೆ.ಜಿ. ಕಲ್ಲುಪ್ಪು ಕರಗಿಸಿ ಸ್ವಲ್ಪಸ್ವಲ್ಪವೇ ಹಾಕುತ್ತೇನೆ. ಪ್ರಯಾಣದ ಆಯಾಸಕ್ಕೆ ಇದು ಒಳ್ಳೆಯದು, ನೈಟ್ರೈಟಿನ ಹೊಡೆತವೂ ಕಮ್ಮಿ. ಆದರೆ ಇಷ್ಟು ಉಪ್ಪಿಗೆ ಹೇನು ಸಾಯುವುದಿಲ್ಲ. ಆ ನೀರನ್ನು ಗಿಡಕ್ಕೂ ಬಿಡಬೇಡಿ. ಇಪ್ಪತ್ತೊಂದು ದಿನ ನೋಡುತ್ತೇನೆ, ತಿಂಗಳಾದರೆ ಇನ್ನೂ ಒಳ್ಳೆಯದು. ಅಲ್ಲಿಯ ಬಲೆ, ಬಕೆಟ್ಟು ಹೊಂಡಕ್ಕೆ ಮುಟ್ಟಿಸುವುದಿಲ್ಲ.

2024ರಲ್ಲಿ ಎಂಟನೇ ದಿನ ಮರಿಗಳ ಮೈಮೇಲೆ ಅದೇ ಹೇನು ಕಂಡಿತು. ಮೀನುಗಾರಿಕೆ ತಿಳಿದವರನ್ನು ಕೇಳಿ ಟ್ಯಾಂಕಿನಲ್ಲೇ ಔಷಧಿ ಮಾಡಿದೆ. ಇಪ್ಪತ್ತು ಮರಿ ಹೋದವು. ಹೊಂಡದ ಮೀನಿಗೆ ಏನೂ ಆಗಲಿಲ್ಲ. ಹೊಲದ ಕೀಟನಾಶಕ ತಂದು ಅಂದಾಜಿನ ಮೇಲೆ ಸುರಿಯುವವರಿದ್ದಾರೆ. ಆ ಕೆಲಸ ಮಾಡಬೇಡಿ, ಆ ಮೀನು ನಾವೇ ತಿನ್ನೋದು.

"ಮರಿ ಅಗ್ಗ ಕಣಯ್ಯ, ಸತ್ರೆ ಇನ್ನೊಂದು ತಂದ್ರಾಯ್ತು" ಅನ್ನುವ ನೆರೆಯವರಿಗೆ ನನ್ನ ಉತ್ತರ ಇದು: ಮರಿ ಅಗ್ಗವೇ, ಹೊಂಡದೊಳಗೆ ವರ್ಷ ಬೆಳೆದ ಮೀನು ಅಗ್ಗ ಅಲ್ಲ. ನಾಲ್ಕು ಹೊಂಡದವರು ಸೇರಿ ಒಂದು ಟ್ಯಾಂಕ್ ಇಟ್ಟುಕೊಂಡು ಒಟ್ಟಿಗೇ ಮರಿ ತರಿಸಬಹುದು. ಮರಿ ಮಾರುವವರೂ ಚೀಲದ ಜೊತೆ ಈ ನಾಲ್ಕು ಮಾತು ಹೇಳಿ ಕಳಿಸಬೇಕು. ನನಗೆ ಮರಿ ಕೊಟ್ಟವರು ಹೇಳಿದ್ದರೆ ಆ ನಲವತ್ತು ಮೀನು ಉಳಿಯುತ್ತಿದ್ದವು. ಇದಕ್ಕಿಂತ ಕಡಿಮೆ ಖರ್ಚಿನಲ್ಲಿ ಮಾಡಿದವರಿದ್ದರೆ ದಯವಿಟ್ಟು ಬರೆಯಿರಿ.