‘ಚೆನ್ನಾಗಿದೆ’ ಎಂಬ ಓಲೆ ಸಾಲದು

ಸ್ಮರಣ ಸಂಚಿಕೆ ಕೈಗೆ ಬಂದೊಡನೆ ನಾವು ಮೊದಲು ಹುಡುಕುವುದು ನಮ್ಮ ಮನೆಯವರ ಭಾವಚಿತ್ರವನ್ನು. ಸಂಪಾದಕರು ಎದುರಾದರೆ ‘ಬಹಳ ಚೆನ್ನಾಗಿ ಮೂಡಿಬಂದಿದೆ’ ಎಂದು ಕೈಮುಗಿದು ಮುಂದೆ ಸಾಗುತ್ತೇವೆ. ಒಳಗಿನ ಒಂದು ಲೇಖನವನ್ನಾದರೂ ಓದಿ, ಇದು ಸರಿ, ಇದು ತಪ್ಪು, ಇದನ್ನು ಇನ್ನಷ್ಟು ತಿಳಿಸಿ ಎಂದು ಬರೆಯುವವರು ವಿರಳ. ಈ ಮೌನವನ್ನು ನಾವು ಸೌಜನ್ಯವೆಂದು ಕರೆದುಕೊಂಡಿದ್ದೇವೆ. ಇದು ಉದಾಸೀನವೆಂಬುದೇ ನಮ್ಮ ವಾದ.

ಓದುಗರ ಓಲೆಗೆ ಎಂತಹ ಶಕ್ತಿಯುಂಟೆಂಬುದಕ್ಕೆ ಒಂದು ಪುಟ್ಟ ಹವ್ಯಾಸವನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಚಿತ್ರಮಂದಿರದ ಫಿಲ್ಮಿನ ಅಗಲ 35 ಮಿ.ಮೀ. ಮನೆಮಂದಿಯೂ ಚಲನಚಿತ್ರ ತೆಗೆಯಲೆಂದು ಕೊಡಕ್ ಕಂಪನಿಯು 1923ರಲ್ಲಿ 16 ಮಿ.ಮೀ., 1932ರಲ್ಲಿ 8 ಮಿ.ಮೀ., 1965ರಲ್ಲಿ ಸೂಪರ್ 8 ಎಂಬ ಕಿರು ಅಳತೆಯ ಫಿಲ್ಮುಗಳನ್ನು ತಂದಿತು. ಸೂಪರ್ 8ರ ಐವತ್ತು ಅಡಿಯ ಸುರುಳಿ ಓಡುವುದು ಮೂರು ನಿಮಿಷ ಇಪ್ಪತ್ತು ಸೆಕೆಂಡು ಮಾತ್ರ. ಬೆಳಕಿನ ಲೆಕ್ಕ ತಪ್ಪಿದರೆ ಸುರುಳಿಯೂ ಹೋಯಿತು, ಹಣವೂ ಹೋಯಿತು, ಮಗುವಿನ ಮೊದಲ ಹೆಜ್ಜೆಯೂ ಹೋಯಿತು. ಆದುದರಿಂದ ಒಬ್ಬನ ತಪ್ಪು ಇನ್ನೊಬ್ಬನಿಗೆ ಪಾಠವಾಗಲೇಬೇಕಿತ್ತು.

1926ರಲ್ಲಿ ಅಮೆರಿಕದ ಹವ್ಯಾಸಿಗಳು ‘ಅಮೆಚೂರ್ ಸಿನಿಮಾ ಲೀಗ್’ ಕಟ್ಟಿ, ಒಂದು ಪತ್ರಿಕೆಯನ್ನೂ ಹೊರಡಿಸಿದರು. ಅದು 1954ರವರೆಗೆ ನಡೆಯಿತು. 1930ರಿಂದ ಆ ಪತ್ರಿಕೆಯು ಹವ್ಯಾಸಿಗಳು ತೆಗೆದ ಚಿತ್ರಗಳಲ್ಲಿ ವರ್ಷದ ಹತ್ತು ಉತ್ತಮ ಚಿತ್ರಗಳನ್ನು ಆರಿಸಿ ಪ್ರಕಟಿಸುತ್ತಿತ್ತು. ಬ್ರಿಟನ್ನಿನಲ್ಲಿ 1934ರಲ್ಲಿ ‘ಅಮೆಚೂರ್ ಸಿನಿ ವರ್ಲ್ಡ್’ ಆರಂಭವಾಯಿತು. ಇಂತಹ ಪತ್ರಿಕೆಗಳ ಜೀವಾಳ ಓದುಗರೇ. ಅವರು ಪ್ರಶ್ನೆ ಕೇಳುತ್ತಿದ್ದರು, ತಮ್ಮ ಪ್ರಯೋಗವನ್ನು ವಿವರಿಸುತ್ತಿದ್ದರು, ಹಿಂದಿನ ಸಂಚಿಕೆಯ ಮಾತನ್ನು ಪ್ರಶ್ನಿಸುತ್ತಿದ್ದರು. ಚಂದಾದಾರನೇ ಲೇಖಕನಾಗುತ್ತಿದ್ದ.

‘ಅದು ಸಿರಿವಂತರ ಆಟ, ಇಂದು ಕೈಯಲ್ಲಿ ಮೊಬೈಲ್ ಇರುವಾಗ ಆ ಮಾತೇಕೆ?’ ಎನ್ನುವವರಿದ್ದಾರೆ. ಸಿರಿವಂತರ ಆಟವೆಂಬುದು ಬಹುಮಟ್ಟಿಗೆ ನಿಜ. ಆದರೆ ಆಟ ಮುಗಿದರೂ ಸುರುಳಿಗಳು ಉಳಿದಿವೆ. ಕಿರು ಫಿಲ್ಮು ಸಾಮಾನ್ಯವಾಗಿ ಅಸಿಟೇಟಿನದು. ಸೆಕೆಗೂ ತೇವಕ್ಕೂ ಅದು ಕೊಳೆಯತೊಡಗಿ ವಿನೆಗರ್ ವಾಸನೆ ಬೀರುತ್ತದೆ, ಕುಗ್ಗಿ ಸುರುಟಿಕೊಳ್ಳುತ್ತದೆ. ಕುಗ್ಗಿದ ಫಿಲ್ಮನ್ನು ಹಳೆಯ ಪ್ರೊಜೆಕ್ಟರಿಗೆ ಏರಿಸಿದರೆ ಅಂಚಿನ ತೂತುಗಳು ಹರಿಯುತ್ತವೆ. ವಾಸನೆ ಬಂದ ಸುರುಳಿಯನ್ನು ಉಳಿದವುಗಳಿಂದ ಬೇರ್ಪಡಿಸಿ, ತಂಪಾದ ಒಣ ಜಾಗದಲ್ಲಿಟ್ಟು, ಬಲ್ಲವರಿಂದ ಸ್ಕ್ಯಾನ್ ಮಾಡಿಸಬೇಕು; ಸ್ಕ್ಯಾನ್ ಆಯಿತೆಂದು ಮೂಲವನ್ನು ಎಸೆಯಬಾರದು. ‘ಅಪ್ಪನ ಪೆಟ್ಟಿಗೆಯಿಂದ ಹುಳಿ ವಾಸನೆ ಬರುತ್ತಿದೆ, ಏನು ಮಾಡಲಿ?’ ಎಂದು ಒಬ್ಬ ಓದುಗ ಬರೆದರೆ ಈ ತಿಳಿವಳಿಕೆ ನೂರು ಮನೆಗೆ ತಲುಪುತ್ತದೆ. ಯಾರೂ ಕೇಳದಿದ್ದರೆ ಪೆಟ್ಟಿಗೆ ಗುಜರಿಗೆ ಹೋಗುತ್ತದೆ.

ದೊಡ್ಡದು ತಾನಾಗಿ ಉಳಿಯುತ್ತದೆಂಬ ಭ್ರಮೆಯೂ ಬೇಡ. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿ ಇಂದು ಲಭ್ಯವಿಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದೇ 1964ರಲ್ಲಿ. ಧರ್ಮಪುರಿ ಸೀಮೆಯಲ್ಲಿ ನೊಳಂಬರ ಕಾಲದ ಕನ್ನಡ ಕಲ್ಲಿನ ಮೇಲೆ ಉಳಿದಿದೆ. ಅಜ್ಜಿಯ ನಡೆ, ಮದುವೆಯ ಹಸೆ, ಊರಹಬ್ಬದ ಸಡಗರವನ್ನು ಯಾವ ಶಾಸನವೂ ಬರೆದಿಡಲಿಲ್ಲ. ತಮಿಳುನಾಡಿನಲ್ಲಿ ನೆಲೆಸಿದ ಕನ್ನಡ ಮನೆಗಳ ಬಾಳುವೆಯನ್ನು ಆ ಮನೆಗಳವರೇ ಕಾಪಾಡದಿದ್ದರೆ ಇನ್ನಾರು ಕಾಪಾಡಿಯಾರು?

‘ಟೀಕೆ ಬರೆದರೆ ಸಂಪಾದಕರಿಗೆ ಬೇಸರವಾದೀತು’ ಎಂಬುದು ಇನ್ನೊಂದು ಆಕ್ಷೇಪ. ಕನ್ನಡದ ಪರಂಪರೆ ಇದನ್ನು ಒಪ್ಪುವುದಿಲ್ಲ. ‘ಪ್ರಜಾವಾಣಿ’ಯ ‘ವಾಚಕರ ವಾಣಿ’ ಸಾಮಾನ್ಯ ಓದುಗನ ವೇದಿಕೆಯಾಗಿ ಬೆಳೆದಿದೆ. 1980ರಲ್ಲಿ ಆರಂಭವಾದ ‘ಲಂಕೇಶ್ ಪತ್ರಿಕೆ’ ಜಾಹೀರಾತು ಬೇಡವೆಂದು ಓದುಗರನ್ನೇ ನೆಚ್ಚಿ ನಿಂತಿತು. ಆದರೆ ತಪ್ಪು ಓದುಗರದು ಮಾತ್ರವೇ? ಹೊಗಳಿಕೆಯ ಓಲೆಗೆ ಪುಟವಿಟ್ಟು, ತಿದ್ದುವ ಓಲೆಯನ್ನು ಬುಟ್ಟಿಗೆ ಹಾಕುವ ಸಂಪಾದಕರೂ ಈ ಮೌನವನ್ನು ಸಾಕಿ ಬೆಳೆಸಿದ್ದಾರೆ.

ಮೊರಪ್ಪೂರಿನವರಿಗೆ ಕಿರು ಅಳತೆಯ ಗತಿ ಹೊಸದೇನಲ್ಲ. 1906ರಲ್ಲಿ ಇಲ್ಲಿಂದ ಧರ್ಮಪುರಿಗೆ ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಪುಟ್ಟ ರೈಲು ಓಡಿತು. ಮುಂದೆ ಹೊಸೂರಿನವರೆಗೂ ಸಾಗಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ ಅದು ನಿಂತಿತು. ಮರಳಿ ಬೇಕೆಂದು ಜನ ಕೇಳುತ್ತಲೇ ಬಂದುದರಿಂದ ಮೊರಪ್ಪೂರು–ಧರ್ಮಪುರಿ ಹೊಸ ಮಾರ್ಗದ ಯೋಜನೆಗೆ ಮಂಜೂರಾತಿ ದೊರಕಿದೆ. ರೈಲಿಗಾಗಿ ಅರ್ಜಿ ಬರೆಯಬಲ್ಲ ಕೈ ಪತ್ರಿಕೆಗೆ ಒಂದು ಕಾಗದ ಬರೆಯಲಾರದೆ?

ಆದುದರಿಂದ ಸಂಘದ ಬಂಧುಗಳಲ್ಲಿ ನಮ್ಮ ಕೋರಿಕೆ ಇದು. ಈ ಸಂಚಿಕೆಯ ಒಂದು ಲೇಖನವನ್ನಾದರೂ ಪೂರ್ತಿಯಾಗಿ ಓದಿ, ಅದರಲ್ಲಿ ಕಂಡ ತಪ್ಪನ್ನೋ ಕೊರತೆಯನ್ನೋ ಬರೆದು ಕಳುಹಿಸಿರಿ. ಮನೆಯಲ್ಲಿ ಹಳೆಯ ಸುರುಳಿಯಿದ್ದರೆ ಅದರಲ್ಲಿರುವವರು ಯಾರು, ಯಾವ ಊರು, ಯಾವ ವರ್ಷ ಎಂಬುದನ್ನು ಹಿರಿಯರು ಇರುವಾಗಲೇ ಕೇಳಿ ಬರೆದಿಡಿರಿ. ಸಂಪಾದಕ ಮಂಡಳಿಯು ಮುಂದಿನ ಸಂಚಿಕೆಯಲ್ಲಿ ಎರಡು ಪುಟಗಳನ್ನು ಓದುಗರಿಗೆ ಮೀಸಲಿಡಲಿ. ನಮ್ಮ ಈ ಲೇಖನವನ್ನು ಖಂಡಿಸುವ ಓಲೆಯೇ ಅಲ್ಲಿ ಮೊದಲು ಅಚ್ಚಾಗಲಿ.